“ಯಾರೂ ತೂಕ ಮಾಡಲ್ಲ” ಅಂದವನನ್ನು ನಂಬಿ ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ. 900 ರೂಪಾಯಿಯ ಮಾವಿನಹಣ್ಣು ಸಾಗಿಸೋಕೆ 4,950 ರೂಪಾಯಿ ಕಟ್ಟಿದವನು ನಾನು. ನಗುವವರು ನಕ್ಕುಬಿಡಿ. ನಮ್ಮ ಮನೆಯಲ್ಲೂ ಎಲ್ಲರೂ ನಕ್ಕಾಗಿದೆ. ನಕ್ಕು ಮುಗಿದ ಮೇಲೆ ಮಾತ್ರ ಇದನ್ನು ಪೂರ್ತಿ ಓದಿ. ಮೇ ತಿಂಗಳು ಬಂತು ಅಂದರೆ ಹಣ್ಣಿನ ಬಾಕ್ಸ್ ಹಿಡಿದು ಗೋವಾ ಏರ್‌ಪೋರ್ಟಿಗೆ ಹೊರಡುವವರು ನಮ್ಮ ಅಂಕೋಲೆ, ಕುಮಟೆ ಕಡೆ ಬೇಕಾದಷ್ಟು ಜನ ಇದ್ದಾರೆ.

ತಂಗಿ ಇರುವುದು ದೆಹಲಿಯಲ್ಲಿ. ಭಾವ ಕಾರವಾರದ ನೌಕಾನೆಲೆಯಲ್ಲಿ ಇದ್ದವರು, ವರ್ಗವಾಗಿ ಹೋಗಿ ಎರಡು ವರ್ಷವಾಯ್ತು. ಅವಳಿಗೆ ಊರಿಂದ ಬೇರೇನೂ ಬೇಡ, ಕರಿ ಇಶಾಡ ಮಾವು ಒಂದು ಬೇಕು. ಅಲ್ಲಿ ಸಿಗುವ ಮಾವು ಹಣ್ಣೇ ಅಲ್ಲ ಅಂತ ಅವಳ ವಾದ. 2023ರಲ್ಲಿ ನಮ್ಮ ಹಣ್ಣಿಗೆ ಜಿಐ ಟ್ಯಾಗ್ (ಈ ಊರಿನದ್ದೇ ಹಣ್ಣು ಅನ್ನುವ ಸರ್ಕಾರಿ ಗುರುತು) ಸಿಕ್ಕಮೇಲಂತೂ ಕೇಳುವುದೇ ಬೇಡ, ಅವಳೇ ತಂದುಕೊಟ್ಟ ಹಾಗೆ ಆಡುತ್ತಾಳೆ. ಆದರೆ ಈ ಹಣ್ಣಿನ ಹಣೆಬರಹ ನಿಮಗೆ ಗೊತ್ತಲ್ಲ. ಸಿಪ್ಪೆ ತೆಳು, ರಸ ಜಾಸ್ತಿ. ಸ್ವಲ್ಪ ಒತ್ತಿದರೂ ಕಪ್ಪಾಗುತ್ತದೆ. ಕೊರಿಯರ್‌ಗೆ ಹಾಕಿದರೆ ಅಲ್ಲಿ ಮುಟ್ಟುವುದು ಹುಳಿ ನೀರು. ಕೈಯಲ್ಲೇ ಹಿಡಿದುಕೊಂಡು ಹೋಗಬೇಕು, ಬೇರೆ ದಾರಿ ಇಲ್ಲ.

ನಾನು ಮತ್ತು ಆಯಿ (ಅಮ್ಮ) ಇಬ್ಬರೇ ಹೊರಟಿದ್ದು, ಒಂದು ವಾರಕ್ಕೆ. ಆಯಿಗೆ ಮೊದಲ ವಿಮಾನ. ಟಿಕೆಟ್ ಮಾಡಿಸಿದ್ದು ಯಾವಾಗಲೂ ನಮಗೆ ರೈಲು, ಬಸ್ಸು ಬುಕ್ ಮಾಡಿಕೊಡುವ ಹುಡುಗನ ಹತ್ತಿರ. ಹೆಸರು ಬೇಡ. ಅವನು ಎರಡು ರೇಟು ಹೇಳಿದ. ಒಂದರಲ್ಲಿ 15 ಕಿಲೋ ಚೆಕ್‌ಇನ್ ಲಗೇಜು, ಕೈಚೀಲ 7 ಕಿಲೋ. ಇನ್ನೊಂದು ಕೈಚೀಲದ್ದು ಮಾತ್ರ, ತಲೆಗೆ 700 ರೂಪಾಯಿ ಕಮ್ಮಿ.

“ಹಣ್ಣಿನ ಬಾಕ್ಸ್ ಇರ್ತದೆ ಮಾರಾಯಾ, ಒಂಬತ್ತು ಕಿಲೋ ಆಗಬಹುದು” ಅಂತ ನಾನು ಸರಿಯಾಗಿ, ಬಿಡಿಸಿ ಹೇಳಿದ್ದೇನೆ. ಇದನ್ನು ನೆನಪಿಡಿ.

“ಅಯ್ಯೋ ಅಣ್ಣಾ, ಹತ್ತು ಕಿಲೋ ತನಕ ಯಾರೂ ಕೇಳಲ್ಲ. ಯಾರೂ ತೂಕ ಮಾಡಲ್ಲ. ಸುಮ್ನೆ 1,400 ಯಾಕೆ ದಂಡ?”

ಯಾರೂ ತೂಕ ಮಾಡಲ್ಲ. ಈ ಮೂರು ಶಬ್ದ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಹೊರಡುವ ಹಿಂದಿನ ದಿನ ಪೇಟೆಯಲ್ಲಿ ಬುಟ್ಟಿ ಇಟ್ಟು ಕೂತ ಅಮ್ಮನ ಹತ್ತಿರ ಮೂರು ಡಜನ್ ಆರಿಸಿದೆವು. ಡಜನ್ನಿಗೆ 300. ಆಯಿ ಒಂದೊಂದನ್ನೂ ಮೂಸಿ ನೋಡಿ, ತೊಟ್ಟಿನ ಹತ್ತಿರ ಹೆಬ್ಬೆರಳು ಇಟ್ಟು ನೋಡಿ ತೆಗೆದುಕೊಂಡಳು. ಮನೆಗೆ ಬಂದು ರಟ್ಟಿನ ಬಾಕ್ಸಿಗೆ ಹುಲ್ಲು ಹಾಸಿ, ಪ್ರತಿ ಹಣ್ಣಿಗೂ ಪೇಪರ್ ಸುತ್ತಿ, ತೊಟ್ಟು ಕೆಳಗೆ ಮಾಡಿ ಜೋಡಿಸಿದಳು. ಬಾಳಂತಿ ಮಗುವನ್ನು ಮಲಗಿಸಿದ ಹಾಗೆ.

ಅಂಕೋಲೆಯಿಂದ ರೈಲಲ್ಲಿ ಮಡಗಾಂವ್, ಅಲ್ಲಿಂದ ಟ್ಯಾಕ್ಸಿಯಲ್ಲಿ ದಾಬೋಲಿಂ. ರೈಲಲ್ಲಿ ಬಾಕ್ಸನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಸ್ಲೀಪರ್ ಟಿಕೆಟಿಗೆ 40 ಕಿಲೋ ಲಗೇಜು ಫ್ರೀ ಇರುವ ದೇಶ ಇದು. ಆ ಧೈರ್ಯದಲ್ಲೇ ಏರ್‌ಪೋರ್ಟ್ ಒಳಗೆ ಹೋದೆ.

ಸೆಕ್ಯೂರಿಟಿಯಲ್ಲಿ ಮೊದಲ ಪೆಟ್ಟು. ಆಯಿಯ ಚೀಲದಲ್ಲಿ ಎರಡು ಒಣ ಕೊಬ್ಬರಿ ಗಿಟುಕು. ಅದನ್ನು ತೆಗೆದು ಪಕ್ಕಕ್ಕೆ ಇಟ್ಟರು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ ಅದಕ್ಕೆ ವಿಮಾನದಲ್ಲಿ ನಿಷೇಧ. ಕೈಚೀಲದಲ್ಲೂ ಬೇಡ, ಚೆಕ್‌ಇನ್‌ನಲ್ಲೂ ಬೇಡ. ಇದರಲ್ಲಿ ಅವರದ್ದೇನೂ ತಪ್ಪಿಲ್ಲ, ನನಗೇ ಗೊತ್ತಿರಲಿಲ್ಲ. “ನಮ್ಮ ಅಟ್ಟದ ಮೇಲೆ ವರ್ಷಗಟ್ಟಲೆ ಇರ್ತದೆ, ಒಂದಿನವೂ ಹತ್ತಿಲ್ಲ” ಅಂತ ಆಯಿ ಆ ಪೊಲೀಸಿಗೆ ಕನ್ನಡದಲ್ಲೇ ಹೇಳಿದಳು. ಅವನು ನಕ್ಕ. ಹೋಗಲಿ ಬಿಡಿ, ಎರಡು ಗಿಟುಕು.

ಬಾಕ್ಸ್ ಮಾತ್ರ ಮೆಷಿನ್ ಒಳಗೆ ಹೋಗಿ ಆಚೆ ಬಂತು. ಯಾರೂ ಏನೂ ಅನ್ನಲಿಲ್ಲ. ನೋಡು, ಹುಡುಗ ಹೇಳಿದ್ದು ಸರಿ ಅಂತ ನಾನು ಮನಸ್ಸಲ್ಲೇ ಹಿಗ್ಗಿದೆ. ಇಲ್ಲಿಯೇ ನಾನು ಮೋಸ ಹೋದದ್ದು. ಸೆಕ್ಯೂರಿಟಿಯವರು ನೋಡುವುದು ಒಳಗೇನಿದೆ ಅಂತ, ತೂಕ ಎಷ್ಟು ಅಂತ ಅಲ್ಲ. ತೂಕ ನೋಡುವವರು ವಿಮಾನ ಕಂಪನಿಯವರು, ಅವರು ಕಾದಿರುವುದು ಗೇಟಿನ ಬಾಯಲ್ಲಿ. ಅಲ್ಲಿಗೆ ಬಂದಮೇಲೆ ಹಿಂದೆ ಹೋಗುವ ಹಾಗಿಲ್ಲ, ಮುಂದೆ ವಿಮಾನ ನಿಂತಿರುತ್ತದೆ, ಹಿಂದೆ ನೂರು ಜನರ ಸಾಲು. ಬಲೆ ಅಲ್ಲೇ ಹಾಕುತ್ತಾರೆ.

ಗೇಟಿನಲ್ಲಿ ಒಂದು ಹುಡುಗಿ. ತಂಗಿಯ ವಯಸ್ಸು. ಕೈಯಲ್ಲಿ ನೇತಾಡಿಸುವ ತೂಕದ ಕೊಕ್ಕೆ, ಪಕ್ಕದಲ್ಲಿ ಕಬ್ಬಿಣದ ಚೌಕಟ್ಟು. ನನ್ನ ಮುಂದೆ ಇದ್ದ ಒಬ್ಬ ದೊಡ್ಡ ಟ್ರಾಲಿ ಎಳೆದುಕೊಂಡು, ಭುಜಕ್ಕೆ ಇನ್ನೊಂದು ಬ್ಯಾಗು ಹಾಕಿಕೊಂಡು ಸೀದಾ ಹೋದ. ಅವನನ್ನು ಕೇಳಲಿಲ್ಲ. ದಾರ ಕಟ್ಟಿದ ರಟ್ಟಿನ ಬಾಕ್ಸ್ ಕಂಡಕೂಡಲೇ “ಸರ್, ಒನ್ ಮಿನಿಟ್.”

ಕೊಕ್ಕೆ ಹಾಕಿ ಎತ್ತಿದಳು. 9.0. ನನ್ನ ಬ್ಯಾಗು 6.2. ಆಯಿಯ ಹತ್ತಿರ ಪರ್ಸು ಒಂದೇ, ಬಾಕ್ಸ್ ಅವಳ ಲೆಕ್ಕಕ್ಕೆ.

“ಸರ್, ಏಳು ಕಿಲೋ ಮಾತ್ರ.”

“ಇಬ್ಬರದ್ದೂ ಸೇರಿ ಹದಿನಾಲ್ಕು ಅಲ್ವಾ ಮೇಡಂ? ಒಂದು ಕಿಲೋ ಜಾಸ್ತಿ ಅಷ್ಟೇ.”

“ಸೇರಿಸೋ ಹಾಗಿಲ್ಲ ಸರ್. ಒಂದೊಂದು ಬ್ಯಾಗಿಗೆ ಏಳು.”

ಸರಿ, ಎರಡು ಕಿಲೋ ತಾನೇ ಅಂತ ನಾನು ಅಲ್ಲೇ ನೆಲದ ಮೇಲೆ ಕೂತು ದಾರ ಬಿಚ್ಚಿದೆ. ಸಾಲಿನವರೆಲ್ಲ ನೋಡುತ್ತಿದ್ದಾರೆ. ನನ್ನ ಬ್ಯಾಗಿಗೆ ಮೂರು ಹಣ್ಣು ತುರುಕಿದೆ. ಅಷ್ಟರಲ್ಲಿ ಆಯಿ ಏನು ಮಾಡಿದಳು ಅಂದರೆ, ಪೇಪರ್ ಬಿಡಿಸಿ ಒಂದೊಂದೇ ಹಣ್ಣು ಸಾಲಿನಲ್ಲಿ ನಿಂತವರಿಗೆ ಕೊಡಲು ಶುರು ಮಾಡಿದಳು. “ತಕಳಿ, ಇಶಾಡ ಹಣ್ಣು, ನಮ್ಮೂರದ್ದು.” ಒಂದು ಮಗು ಎರಡೂ ಕೈ ಚಾಚಿತು. ಒಬ್ಬ ಮುದುಕ ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡ. ಕೆಲವರು ಬೇಡ ಅಂತ ಮುಖ ತಿರುಗಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗೇಟಿನ ಹುಡುಗಿಗೂ ಒಂದು ಕೊಡಲು ಹೋದಳು ಆಯಿ. “ಮೇಡಂ, ಪ್ಲೀಸ್” ಅಂತ ಅವಳು ಹಿಂದೆ ಸರಿದಳು.

ಏಳು ಹಣ್ಣು ಹೋಯಿತು. ನನ್ನ ಬ್ಯಾಗಿಗೆ ಹೋದ ಮೂರು ಸೇರಿ ಹತ್ತು. ಮತ್ತೆ ಕೊಕ್ಕೆಗೆ ಹಾಕಿದರೆ 6.8. ಗೆದ್ದೆ ಅಂದುಕೊಂಡೆ.

“ಸರ್, ಸೈಜ್.”

ಆ ಕಬ್ಬಿಣದ ಚೌಕಟ್ಟು ತೋರಿಸಿದಳು. ಬಾಕ್ಸ್ ಇಳಿಸಿದೆ. ಎರಡು ಬೆರಳು ಮೇಲೆ ನಿಂತಿತು. ಒತ್ತಿದರೆ ಹೋಗುತ್ತಿತ್ತೇನೋ, ಆದರೆ ಒಳಗೆ ಇರುವುದು ಇಶಾಡ. ಹೇಗೆ ಒತ್ತಲಿ? ಅಲ್ಲಿ ಬರೆದಿತ್ತು, 55, 35, 25 ಸೆಂಟಿಮೀಟರ್, ಕೂಡಿಸಿದರೆ 115. ನನ್ನ ಬಾಕ್ಸ್ 45, 32, 30. ಕೂಡಿಸಿದರೆ 107. ಮೊಬೈಲಲ್ಲಿ ಲೆಕ್ಕ ಮಾಡಿ ತೋರಿಸಿದೆ, ನನ್ನದೇ ಚಿಕ್ಕದು ಅಂತ. “ಚೌಕಟ್ಟಲ್ಲಿ ಇಳೀಬೇಕು ಸರ್.” ಎಷ್ಟು ಸಲ ಕೇಳಿದರೂ ಅದೇ. ಚೌಕಟ್ಟಲ್ಲಿ ಇಳೀಬೇಕು ಸರ್. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಬಾಕ್ಸನ್ನು ಕೆಳಗೆ, ವಿಮಾನದ ಹೊಟ್ಟೆಗೆ ಹಾಕಬೇಕಂತೆ. ನಮ್ಮ ಟಿಕೆಟಿನಲ್ಲಿ ಚೆಕ್‌ಇನ್ ಲಗೇಜು ಸೊನ್ನೆ. ಹಾಗಾಗಿ ಏಳು ಬಿಟ್ಟು ಮೇಲಿನದಕ್ಕೆ ಅಲ್ಲ, ಪೂರ್ತಿ ತೂಕಕ್ಕೆ, ಕಿಲೋಗೆ 550. ಆಗಲಿ ಅಂತ ಕಾರ್ಡ್ ತೆಗೆದೆ. ಬಿಲ್ಲು ನೋಡುತ್ತೇನೆ, 4,950. ಒಂಬತ್ತು ಕಿಲೋಗೆ!

“ಈಗ ಆರೂ ಮುಕ್ಕಾಲು ಅಲ್ವಾ ಮೇಡಂ? ನೀವೇ ತೂಗಿದ್ರಲ್ಲ?”

“ಮೊದಲಿನ ತೂಕ ಸಿಸ್ಟಮ್‌ನಲ್ಲಿ ಎಂಟ್ರಿ ಆಗಿದೆ ಸರ್. ಬೋರ್ಡಿಂಗ್ ಕ್ಲೋಸ್ ಆಗ್ತಿದೆ.”

ಅರ್ಥ ಆಯ್ತಾ? ಕಂಡವರ ಕೈಯಲ್ಲಿದ್ದ ಏಳು ಹಣ್ಣಿಗೂ ನಾನೇ ಬಾಡಿಗೆ ಕಟ್ಟಿದೆ. ಆ ಮಗು ನನ್ನ ಎದುರೇ ರಸ ಸುರಿಸಿಕೊಂಡು ತಿನ್ನುತ್ತಿತ್ತು. ಅದೇ ಹಣ್ಣಿನ ತೂಕಕ್ಕೆ ನಾನು ಪಿನ್ ಒತ್ತುತ್ತಿದ್ದೆ. ಬಾಕ್ಸ್ ಅಲ್ಲೇ ಬಿಟ್ಟು ಹೋಗಬಹುದಿತ್ತು, ಅದನ್ನೂ ಹೇಳಿದಳು. ಆಯಿಯ ಮುಖ ನೋಡಿದೆ. ಬಿಡಲು ಆಗಲಿಲ್ಲ.

ಆಮೇಲೆ ಬಾಕ್ಸಿಗೆ ಒಂದು ಚೀಟಿ ಕಟ್ಟಿ, “ಇಲ್ಲಿ ಸೈನ್ ಮಾಡಿ” ಅಂದಳು. ಮಾಡಿದೆ. ಒಳಗೆ ಪವರ್ ಬ್ಯಾಂಕ್ ಇದೆಯಾ ಅಂತ ಬೇರೆ ಕೇಳಿದಳು. ಕೆಳಗೆ ಹೋಗುವ ಲಗೇಜಿನಲ್ಲಿ ಅದು ಇರಬಾರದು, ಸರಿ. ಆದರೆ ಅವಳ ಎದುರೇ ಬಿಚ್ಚಿದ ಮಾವಿನಹಣ್ಣಿನ ಬಾಕ್ಸಲ್ಲಿ ಪವರ್ ಬ್ಯಾಂಕ್ ಎಲ್ಲಿಂದ ಬರಬೇಕು?

ವಿಮಾನದಲ್ಲಿ ಕೂತ ಮೇಲೆ ಆಯಿ ಕೇಳಿದಳು, “ಎಷ್ಟು ತಕಂಡ್ರು?” ಐನೂರು ಅಂದೆ. “ಐನೂರಾ!” ಅಂತ ದೆಹಲಿ ಮುಟ್ಟುವ ತನಕ ಕಿಟಕಿ ಕಡೆ ನೋಡಲಿಲ್ಲ ಅವಳು.

ದೆಹಲಿಯಲ್ಲಿ ಬೆಲ್ಟಿನ ಮೇಲೆ ಬಾಕ್ಸ್ ಬಂತು. ಒಂದು ಮೂಲೆ ಒದ್ದೆಯಾಗಿ ರಟ್ಟು ಕೆಳಗೆ ಜೋತಿತ್ತು. ಹಿಂದಿನ ಸೂಟ್‌ಕೇಸಿಗೆಲ್ಲ ರಸ. ಒಳಗಿದ್ದ 26ರಲ್ಲಿ ಗಟ್ಟಿ ಉಳಿದದ್ದು 11. ಅಲ್ಲಿನ ಕೌಂಟರಿಗೆ ಹೋದರೆ ಅವರು ಆ ಚೀಟಿಯನ್ನೇ ನನಗೆ ತೋರಿಸಿದರು. ಒಡೆಯುವ, ಕೊಳೆಯುವ ಸಾಮಾನಿಗೆ ಕಂಪನಿ ಜವಾಬ್ದಾರಿ ಅಲ್ಲ ಅಂತ ಬರೆದುಕೊಡುವ ಚೀಟಿ ಅದು. ಕೆಳಗೆ ನನ್ನದೇ ಸಹಿ, ಅವಸರದ ಸಹಿ. ದುಡ್ಡು ಕೊಟ್ಟು, ಬರೆದೂ ಕೊಟ್ಟು ಬಂದಿದ್ದೆ. ತಂಗಿ ಜಜ್ಜಿದ ಹಣ್ಣಿನದ್ದೆಲ್ಲ ರಸಾಯನ ಮಾಡಿದಳು. ಚೆನ್ನಾಗಿತ್ತು ಅಂತಾರೆ. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಏಜೆಂಟ್ ಹುಡುಗನಿಗೆ ಅವತ್ತೇ ರಾತ್ರಿ ಫೋನ್ ಮಾಡಿದೆ. ಮೊದಲು, “ಹೌದಾ ಅಣ್ಣಾ, ಛೇ.” ಆಮೇಲೆ, “ಕಮ್ಮಿ ರೇಟು ಬೇಕು ಅಂದದ್ದು ನೀವೇ ಅಲ್ವಾ?” ಕೊನೆಗೆ, “ತೂಕ ಮಾಡಲ್ಲ ಅಂತ ನಾನು ಹೇಳೇ ಇಲ್ಲ. ಸಾಮಾನ್ಯವಾಗಿ ಮಾಡಲ್ಲ ಅಂದಿದ್ದೆ.” ಸಾಮಾನ್ಯವಾಗಿ! ಆ ಶಬ್ದ ಅವನ ಬಾಯಲ್ಲಿ ಬಂದೇ ಇರಲಿಲ್ಲ. ಎಲ್ಲ ಮಾತೂ ಅಂಗಡಿಯಲ್ಲಿ ಬಾಯಲ್ಲೇ ಆದದ್ದು, ವಾಟ್ಸಾಪಿನಲ್ಲಿ ಒಂದು ಅಕ್ಷರ ಇಲ್ಲ. ಅವನು ಕಳಿಸಿದ್ದು ಟಿಕೆಟಿನ ಮೇಲಿನ ಅರ್ಧದ ಫೋಟೋ ಮಾತ್ರ, ಹೆಸರು, ಸಮಯ, ಪಿಎನ್‌ಆರ್. ಲಗೇಜಿನ ವಿಷಯ ಇದ್ದದ್ದು ಕೆಳಗಿನ ಅರ್ಧದಲ್ಲಿ. ಆಮೇಲೆ ಪೂರ್ತಿ ಟಿಕೆಟ್ ತರಿಸಿಕೊಂಡು ನೋಡಿದೆ. ಎಲ್ಲ ಇದೆ. ಕೈಚೀಲ ಎಷ್ಟು, ಏರ್‌ಪೋರ್ಟಲ್ಲಿ ಕಟ್ಟಿದರೆ ಕಿಲೋಗೆ ಎಷ್ಟು, ಮೊದಲೇ ಕಟ್ಟಿದರೆ ಕಮ್ಮಿ ಅನ್ನುವುದೂ ಇದೆ.

ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರದ ಡಿಜಿಸಿಎ 2021ರಲ್ಲಿ ಲಗೇಜಿಲ್ಲದ ಅಗ್ಗದ ಟಿಕೆಟ್ ಮಾರಲು ಕಂಪನಿಗಳಿಗೆ ಅನುಮತಿ ಕೊಟ್ಟಾಗ ಒಂದು ಷರತ್ತು ಹಾಕಿತ್ತು. ಲಗೇಜು ತಂದರೆ ಎಷ್ಟು ಬೀಳುತ್ತದೆ ಅಂತ ಬುಕ್ ಮಾಡುವಾಗಲೇ ಎದ್ದು ಕಾಣುವ ಹಾಗೆ ತೋರಿಸಬೇಕು, ಟಿಕೆಟಿನಲ್ಲೂ ಅಚ್ಚಾಗಿರಬೇಕು. ಕಂಪನಿ ತೋರಿಸಿದೆ. ಆದರೆ ನೋಡಿದವನು ಏಜೆಂಟು, ದುಡ್ಡು ಕಟ್ಟಿದವನು ನಾನು. ಕಂಪನಿಗೆ ಬರೆದೆ, ಸರ್ಕಾರದ ಏರ್‌ಸೇವಾದಲ್ಲೂ ದೂರು ಹಾಕಿದೆ. ಕಂಪನಿಯಿಂದ ಬಂದ ಉತ್ತರದ ಸಾರಾಂಶ ಇಷ್ಟು: ನಿಮಗಾದ ತೊಂದರೆಗೆ ವಿಷಾದ, ಸಿಬ್ಬಂದಿ ನಿಯಮದಂತೆ ನಡೆದುಕೊಂಡಿದ್ದಾರೆ, ಮತ್ತೆ ನಮ್ಮೊಂದಿಗೆ ಪ್ರಯಾಣಿಸಿ. ಏಳು ಹಣ್ಣಿನ ಲೆಕ್ಕ ಕೇಳಿದ್ದೆನಲ್ಲ, ಅದಕ್ಕೆ ಉತ್ತರವೇ ಇಲ್ಲ. ಮತ್ತೆ ಬರೆದೆ. ಅದೇ ಉತ್ತರ, ಕೆಳಗೆ ಬೇರೆ ಹೆಸರು.

ಹೋಗುವವರಿಗೆ ಹೇಳುವುದು ಇಷ್ಟೇ. ಏಜೆಂಟಿನ ಬಾಯಿಮಾತು ನಂಬಬೇಡಿ, ಪೂರ್ತಿ ಟಿಕೆಟ್ ಕೇಳಿ, ಕೆಳಗಿನ ಅರ್ಧ ಓದಿ. ಹಣ್ಣು, ಹಪ್ಪಳ, ಉಪ್ಪಿನಕಾಯಿ ಏನೇ ಒಯ್ಯುವುದಿದ್ದರೂ ಲಗೇಜ್ ಇರುವ ಟಿಕೆಟೇ ಮಾಡಿ, ಇಲ್ಲವಾದರೆ ಹೊರಡುವ ಮೊದಲೇ ಮೊಬೈಲಲ್ಲಿ ಕಟ್ಟಿ. ರಟ್ಟಿನ ಬಾಕ್ಸ್ ಬೇಡವೇ ಬೇಡ, ಅದು ಬಗ್ಗುವುದಿಲ್ಲ. ಎರಡು ಮೆತ್ತನೆ ಬ್ಯಾಗಿಗೆ ಹಂಚಿ, ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಇದ್ದರೆ ಮನೆಯಲ್ಲೇ ತೂಗಿ ನೋಡಿ. ಗೇಟಿನಲ್ಲಿ ತೂಗುವಾಗ ಯಂತ್ರದ ಫೋಟೋ ಹೊಡೆದುಕೊಳ್ಳಿ, ಎರಡನೇ ಸಲ ತೂಗಿದ್ದಕ್ಕೂ ಹೊಡೆಯಿರಿ. ನಾನು ಹೊಡೆಯಲಿಲ್ಲ. ಆ ಹುಡುಗನ ಹತ್ತಿರ ಟಿಕೆಟ್ ಮಾಡಿಸುವುದನ್ನಂತೂ ಬಿಟ್ಟೆ, ರೈಲಿನದ್ದೂ.

ವಾಪಸ್ ಟಿಕೆಟೂ ಅಂಥದ್ದೇ ಇತ್ತು. ತಂಗಿ ಆಯಿಗೆ ಅಂತ ಒಂದು ರಜಾಯಿ ತಂದಿಟ್ಟಿದ್ದಳು, ಊರಲ್ಲಿ ಮಳೆಗಾಲಕ್ಕೆ ಆಗುತ್ತದೆ ಅಂತ. ಆಯಿ ಅದನ್ನು ಎತ್ತಿ ಎತ್ತಿ ನೋಡಿ, “ಬೇಡ, ಐನೂರು ತಗೀತ್ರು” ಅಂತ ಅಲ್ಲೇ ಬಿಟ್ಟಳು. ನನ್ನ ಬ್ಯಾಗು 5.4 ಕಿಲೋ, ಅವಳದ್ದು ಪರ್ಸು. ದೆಹಲಿ ಗೇಟಿನಲ್ಲಿ ಬೋರ್ಡಿಂಗ್ ಪಾಸ್ ಹಿಡಿದು, ಬ್ಯಾಗನ್ನು ಅವರಿಗೆ ಕಾಣುವ ಹಾಗೆ ಮುಂದೆ ಮಾಡಿ ನಿಂತೆ.

ಯಾರೂ ತೂಕ ಮಾಡಲಿಲ್ಲ.