ಪುಸ್ತಕದ ಮೇಲಿನ ವಯಸ್ಸನ್ನು ಎಷ್ಟು ನಂಬಬಹುದು? ನಾಲ್ಕು ದಾರಿ ಹಿಡಿದು ನೋಡಿದೆ

ರಾತ್ರಿ ಹನ್ನೊಂದರ ಹೊತ್ತಿಗೆ ಮಕ್ಕಳ ಕೋಣೆಯಿಂದ ಏನೋ ಎಳೆದ ಸದ್ದು ಬಂತು. ಹೋಗಿ ನೋಡಿದರೆ ಒಂಬತ್ತು ವರ್ಷದ ಮಗ ಎರಡೂ ಕೈ ಕೊಟ್ಟು ಮಂಚ ತಳ್ಳುತ್ತಿದ್ದಾನೆ.

"ಏನೋ ಮಾಡ್ತಿದ್ದೀಯ ಈ ಹೊತ್ನಲ್ಲಿ?"

"ಮಂಚ ಅಲ್ಲಾಡುತ್ತಾ ಅಂತ ನೋಡ್ತಿದ್ದೆ, ಅಮ್ಮ."

ಅಂದು ಸಂಜೆ ಅವನು ಷರ್ಲಾಕ್ ಹೋಮ್ಸ್‌ನ 'ದಿ ಸ್ಪೆಕಲ್ಡ್ ಬ್ಯಾಂಡ್' ಓದಿ ಮುಗಿಸಿದ್ದ. ಆ ಕತೆಯಲ್ಲಿ ಮಂಚವನ್ನು ನೆಲಕ್ಕೆ ಬಿಗಿದಿರುತ್ತಾರೆ. ದಿಂಬಿನ ಪಕ್ಕಕ್ಕೆ ಗಂಟೆಯ ಹಗ್ಗ ಇಳಿಬಿದ್ದಿರುತ್ತದೆ, ಎಳೆದರೆ ಗಂಟೆ ಬಾರಿಸುವುದೇ ಇಲ್ಲ. ರಾತ್ರಿ ಹೊತ್ತು ಸಣ್ಣ ಸಿಳ್ಳೆ ಕೇಳಿಸುತ್ತದೆ. ನನ್ನ ಮಗನಿಗೆ ತನ್ನ ಮಂಚ ಜರುಗುತ್ತದೆ ಅಂತ ಖಾತ್ರಿಯಾಗದೆ ನಿದ್ದೆ ಬರಲಿಲ್ಲ. ಪುಸ್ತಕದ ಹಿಂದೆ ಮಾತ್ರ '8+' ಅಂತ ಅಚ್ಚಾಗಿತ್ತು.

ಆ ಸಂಖ್ಯೆಯನ್ನು ಯಾರು, ಯಾವ ಲೆಕ್ಕದಲ್ಲಿ ಹಾಕುತ್ತಾರೆ ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಡಲಿಲ್ಲ. ಒಂದು ವರ್ಷ ಕೂತು ಪತ್ತೇದಾರಿ, ಫ್ಯಾಂಟಸಿ, ಕತೆಯಲ್ಲದ ಪುಸ್ತಕ ಈ ಮೂರೂ ಬಗೆಯಲ್ಲಿ ಹನ್ನೆರಡು ಪುಸ್ತಕ ತೆಗೆದುಕೊಂಡೆ. ಪ್ರತಿಯೊಂದಕ್ಕೂ ನಾಲ್ಕು ದಾರಿಯಲ್ಲಿ ವಯಸ್ಸು ಹುಡುಕಿದೆ. ಆಮೇಲೆ ಹದಿಮೂರರ ಮಗಳು, ಒಂಬತ್ತರ ಮಗ ಅದನ್ನು ಓದುವಾಗ ಏನಾಗುತ್ತದೆ ಅಂತ ನೋಡಿದೆ.

ಒಂದು: ಹಿಂಬದಿ ರಟ್ಟಿನ ಮೇಲೆ ಅಚ್ಚಾದ ವಯಸ್ಸು

ಇದರಷ್ಟು ಸುಲಭದ್ದು ಇನ್ನೊಂದಿಲ್ಲ, ತಿರುಗಿಸಿದರೆ ಸಿಕ್ಕಿತು. ಆದರೆ ಇದರ ಬಗ್ಗೆ ಬರಹಗಾರರೇ ಜಗಳವಾಡಿದ್ದಾರೆ. 2008ರಲ್ಲಿ ಬ್ರಿಟನ್ನಿನ ಪ್ರಕಾಶಕರು ಮಕ್ಕಳ ಪುಸ್ತಕಗಳ ಮೇಲೆ 5+, 7+, 9+, 11+, 13+ ಅಂತ ಅಚ್ಚು ಹಾಕಲು ಹೊರಟರು. ಫಿಲಿಪ್ ಪುಲ್‌ಮನ್ ಮುಂದೆ ನಿಂತು ವಿರೋಧಿಸಿದರು. ನೂರಾರು ಬರಹಗಾರರು, ಚಿತ್ರಕಾರರು ಸಹಿ ಹಾಕಿದರು. ನಿಧಾನವಾಗಿ ಓದುವ ಹನ್ನೊಂದರ ಹುಡುಗ '7+' ಅಂತ ಬರೆದ ಪುಸ್ತಕವನ್ನು ಎಲ್ಲರೆದುರು ಹೇಗೆ ಹಿಡಿದುಕೊಂಡಾನು ಅನ್ನುವುದು ಅವರ ಸಂಕಟ.

ಇದು ನನಗೆ ಮನೆಯಲ್ಲೇ ಅರ್ಥವಾಯಿತು. ಮಗಳು '8+' ಇದ್ದ ಒಂದು ಪುಸ್ತಕವನ್ನು ಬಹಳ ಇಷ್ಟಪಟ್ಟು ಓದುತ್ತಿದ್ದಳು. ಗೆಳತಿ ಬಂದ ಕೂಡಲೇ ಅದನ್ನು ದಿಂಬಿನ ಕೆಳಗೆ ತಳ್ಳಿದಳು. ಒಂದು ಸಂಖ್ಯೆ ಒಳ್ಳೆಯ ಪುಸ್ತಕವನ್ನು ಬಚ್ಚಿಡುವ ಹಾಗೆ ಮಾಡಿತಲ್ಲ ಅಂತ ನನಗೆ ತುಂಬ ನೋವಾಯಿತು.

ಆರೇಳು ವರ್ಷದೊಳಗಿನ ಮಕ್ಕಳಿಗೆ ಈ ಸಂಖ್ಯೆ ಪರವಾಗಿಲ್ಲ. ಅಲ್ಲಿಂದ ಮೇಲೆ ಅದು 'ಇಷ್ಟು ವಯಸ್ಸಿನವರು ಓದಬಲ್ಲರು' ಅಂತಷ್ಟೇ ಹೇಳುತ್ತದೆ. ತಾಳಿಕೊಳ್ಳಬಲ್ಲರಾ ಅನ್ನುವುದು ಬೇರೆ ಮಾತು.

ಎರಡು: ಲೆಕ್ಸೈಲ್ ಅಂಕ

ಇಂಗ್ಲಿಷ್ ಪುಸ್ತಕಗಳಿಗೆ 570, 880 ಹೀಗೊಂದು ಅಂಕ ಕೊಟ್ಟು ಮುಂದೆ 'ಎಲ್' ಹಾಕಿರುತ್ತಾರಲ್ಲ, ಅದು ಇದು. ವಾಕ್ಯ ಎಷ್ಟು ಉದ್ದ, ಪದಗಳು ಎಷ್ಟು ಬಳಕೆಯಲ್ಲಿವೆ ಅಂತ ನೋಡಿ ಹಾಕುವ ಲೆಕ್ಕ. ಒಳಗೆ ಏನು ನಡೆಯುತ್ತದೆ ಅನ್ನುವುದು ಅದರ ಕೆಲಸವೇ ಅಲ್ಲ. ಎಲೀ ವೀಸೆಲ್ ಅವರ 'ನೈಟ್' ಒಬ್ಬ ಹುಡುಗ ನಾಜಿ ಶಿಬಿರದಲ್ಲಿ ಕಂಡದ್ದರ ನೆನಪು. ಅದರ ಅಂಕ 600 ಕೂಡ ಮುಟ್ಟುವುದಿಲ್ಲ. ಚಿತ್ರ ತುಂಬಿದ, ನಕ್ಕು ನಕ್ಕು ಓದುವ 'ಡೈರಿ ಆಫ್ ಎ ವಿಂಪಿ ಕಿಡ್' 900 ದಾಟುತ್ತದೆ. ಸುಮ್ನೆ ಅಂಕ ನೋಡಿ ಕೊಟ್ಟರೆ 'ನೈಟ್' ಚಿಕ್ಕ ಮಗುವಿನ ಕೈಗೆ ಹೋಗುತ್ತದೆ!

ಹಾಗಂತ ಇದನ್ನು ತಳ್ಳಿಹಾಕಲಾರೆ. ಮಗ ಒಂದು ಪುಸ್ತಕವನ್ನು ನಾಲ್ಕು ಪುಟ ಓದಿ ಬಿಟ್ಟಾಗ ಅದು ಬೇಸರವೋ ಕಷ್ಟವೋ ಅಂತ ತಿಳಿಯಲು ಅಂಕ ಸಹಾಯ ಮಾಡಿತು. ಆದರೆ ಅದೇ ಕೆಲಸ ಐದು ಬೆರಳಿನಿಂದಲೂ ಆಗುತ್ತದೆ. ನಡುವಿನ ಒಂದು ಪುಟ ತೆರೆದು ಮಗುವಿನ ಕೈಯಲ್ಲಿ ಓದಿಸುವುದು. ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಎತ್ತಬೇಕು. ಎರಡು ಮೂರು ಬೆರಳಾದರೆ ಸರಿಯಾಗಿದೆ, ಐದೂ ಎದ್ದರೆ ಒಬ್ಬರೇ ಓದಲು ಇನ್ನೂ ಕಷ್ಟ. ಯಾವ ಭಾಷೆಗಾದರೂ ನಡೆಯುತ್ತದೆ, ಅನುವಾದಕ್ಕೂ ನಡೆಯುತ್ತದೆ. ಹಾಗಾಗಿ ಇವೆರಡರಲ್ಲಿ ನನ್ನ ಓಟು ಬೆರಳಿಗೆ.

ಮೂರು: ಒಳಗೇನಿದೆ ಅಂತ ಬಿಡಿಸಿ ಹೇಳುವ ವಿಮರ್ಶೆ

2003ರಲ್ಲಿ ಶುರುವಾದ ಕಾಮನ್ ಸೆನ್ಸ್ ಮೀಡಿಯಾ ಅನ್ನುವ ಜಾಲತಾಣ ಇದಕ್ಕೆ ಹೆಸರಾದದ್ದು. ಪುಸ್ತಕಕ್ಕೆ ಒಂದು ವಯಸ್ಸು ಹಾಕುತ್ತಾರೆ. ಅದರ ಜೊತೆ ಹಿಂಸೆ ಎಷ್ಟು, ಬೈಗುಳ ಎಷ್ಟು, ಕುಡಿತ-ಸಿಗರೇಟು ಇದೆಯಾ ಅಂತ ಬೇರೆ ಬೇರೆಯಾಗಿ ಬರೆಯುತ್ತಾರೆ. ಅಪ್ಪ-ಅಮ್ಮಂದಿರು ಹೇಳಿದ ವಯಸ್ಸು, ಮಕ್ಕಳೇ ಹೇಳಿದ ವಯಸ್ಸು ಎರಡೂ ಪಕ್ಕದಲ್ಲಿ ಕಾಣುತ್ತವೆ.

ನಾನು ಮೊದಲು ಮಾಡಿದ ತಪ್ಪು ವಯಸ್ಸನ್ನು ಮಾತ್ರ ಓದಿದ್ದು. ಇದರ ಬೆಲೆ ಇರುವುದು ಕೆಳಗಿನ ವಿವರದಲ್ಲಿ. ನನ್ನ ಮಗನಿಗೆ ಕತ್ತಿಯುದ್ಧ ಎಷ್ಟಿದ್ದರೂ ತೊಂದರೆಯಿಲ್ಲ, ಪ್ರಾಣಿ ಸತ್ತರೆ ಎರಡು ದಿನ ಊಟ ಸೇರುವುದಿಲ್ಲ. ಮಗಳು ಅದಕ್ಕೆ ಉಲ್ಟಾ. ಇಬ್ಬರಿಗೂ ಒಂದೇ ಸಂಖ್ಯೆ ಹೇಗೆ ಹೊಂದೀತು, ಹೇಳಿ?

ಕೊರತೆ ಒಂದೇ. ಹೊರಗೆ ಕಾಣುವ ವಿಷಯವನ್ನು ಎಣಿಸಬಹುದು. ಗಂಟೆ ಬಾರಿಸದ ಹಗ್ಗದ ಭಯವನ್ನು ಎಣಿಸುವುದು ಹೇಗೆ? 'ಸ್ಪೆಕಲ್ಡ್ ಬ್ಯಾಂಡ್'ನಲ್ಲಿ ಬೈಗುಳವಿಲ್ಲ, ಎದ್ದು ಕಾಣುವ ರಕ್ತವೂ ಇಲ್ಲ.

ನಾಲ್ಕು: ನಾನೇ ಮೊದಲು ಓದುವುದು

ಪೂರ್ತಿ ಓದಲು ಯಾರಿಗೆ ಹೊತ್ತಿದೆ, ಅಲ್ವಾ? ಅದಕ್ಕೆ ಮೂರು ಕಡೆ ಓದುತ್ತೇನೆ: ಮೊದಲ ಅಧ್ಯಾಯ, ನಡುವಿನದೊಂದು, ಕೊನೆಯಿಂದ ಮೂರನೆಯದು. ಕತೆ ಎಷ್ಟು ಗಾಢವಾಗುತ್ತದೆ ಅನ್ನುವುದು ಆ ಕೊನೆಯ ಭಾಗದಲ್ಲಿ ಗೊತ್ತಾಗುತ್ತದೆ. ಮುಕ್ಕಾಲು ಗಂಟೆ ಸಾಕು.

ಈಗ ಪುಸ್ತಕಗಳಿಗೆ ಬರುತ್ತೇನೆ. ಈ ನಾಲ್ಕರಲ್ಲಿ ಯಾವುದು ಗೆಲ್ಲುತ್ತದೆ ಅನ್ನುವುದು ಪುಸ್ತಕದ ಬಗೆಯ ಮೇಲೆ ಹೋಗುತ್ತದೆ. ನನಗೆ ಇದು ಗೊತ್ತೇ ಇರಲಿಲ್ಲ.

ಪತ್ತೇದಾರಿ

ಇಲ್ಲಿ ಅಚ್ಚಾದ ವಯಸ್ಸಿಗಿಂತ ಮೂರನೆಯ ದಾರಿ ಜಾಸ್ತಿ ಕೆಲಸಕ್ಕೆ ಬಂತು. ಒಂದೇ ಪತ್ತೇದಾರನ ಒಂದು ಕತೆಗೂ ಇನ್ನೊಂದಕ್ಕೂ ಅಷ್ಟು ವ್ಯತ್ಯಾಸ. 1890ರ 'ದಿ ಸೈನ್ ಆಫ್ ಫೋರ್' ಶುರುವಾಗುವುದೇ ಹೋಮ್ಸ್ ತನ್ನ ತೋಳಿಗೆ ಕೊಕೇನ್ ಚುಚ್ಚಿಕೊಳ್ಳುವುದರಿಂದ. ಹೋಮ್ಸ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ವಯಸ್ಸಿಗೆ ಅಂದುಕೊಳ್ಳಬೇಡಿ.

ಅಗಾಥಾ ಕ್ರಿಸ್ಟಿಯ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' 1934ರದ್ದು. ಭಾಷೆ ನೀಟಾಗಿದೆ, ಬೆರಳು ಏಳುವುದು ಕಡಿಮೆ. ಆದರೆ ಕತೆಯ ಬುಡದಲ್ಲಿ ಇರುವುದು ಒಂದು ಮಗುವಿನ ಅಪಹರಣ ಮತ್ತು ಕೊಲೆ. ನನ್ನ ಮಗಳು ಹನ್ನೆರಡರಲ್ಲಿ ಓದಿದಳು. ಕೊಲೆಗಾರ ಯಾರು ಅನ್ನುವುದಕ್ಕಿಂತ 'ಅವರು ಮಾಡಿದ್ದು ಸರೀನಾ ಅಮ್ಮ?' ಅನ್ನುವುದೇ ಅವಳಿಗೆ ದೊಡ್ಡದಾಯಿತು. ವಾರವಿಡೀ ಅದೇ ಮಾತು. ಹತ್ತರಲ್ಲಿ ಕೊಟ್ಟಿದ್ದರೆ ಓದಿ ಮುಗಿಸುತ್ತಿದ್ದಳು, ಈ ಪ್ರಶ್ನೆ ಬರುತ್ತಿರಲಿಲ್ಲ.

ಚಿಕ್ಕವರಿಗೆ 'ಎನ್‌ಸೈಕ್ಲೋಪೀಡಿಯಾ ಬ್ರೌನ್' ಬಹಳ ಚೆನ್ನ. 1963ರಲ್ಲಿ ಶುರುವಾದ ಸರಣಿ. ಪುಟ್ಟ ಪುಟ್ಟ ಪ್ರಕರಣ, ಉತ್ತರ ಪುಸ್ತಕದ ಕೊನೆಯಲ್ಲಿ. ಮಗ ಉತ್ತರದ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟು ನನಗೂ ನೋಡಲು ಬಿಡಲಿಲ್ಲ. ಅದರಿಂದ ಒಂದು ಮೆಟ್ಟಿಲು ಮೇಲೆ ಸತ್ಯಜಿತ್ ರಾಯ್ ಅವರ ಫೆಲೂದಾ. 1965ರಲ್ಲಿ 'ಸಂದೇಶ್' ಅನ್ನುವ ಮಕ್ಕಳ ಪತ್ರಿಕೆಗೆ ಬರೆದದ್ದು. ಕೊಲೆ, ಕಳ್ಳತನ ಎರಡೂ ಇವೆ, ಆದರೆ ಎದುರಿಗೆ ಮಗು ಕೂತಿದೆ ಅನ್ನುವ ಎಚ್ಚರ ಪುಟಪುಟದಲ್ಲೂ ಕಾಣುತ್ತದೆ.

ನಾನು ಹಾಕುವ ವಯಸ್ಸು ಹೀಗೆ: ಬ್ರೌನ್ 8, ಫೆಲೂದಾ 10, 'ಓರಿಯಂಟ್ ಎಕ್ಸ್‌ಪ್ರೆಸ್' 12, 'ಸೈನ್ ಆಫ್ ಫೋರ್' 13.

ಫ್ಯಾಂಟಸಿ

'ದಿ ಹಾಬಿಟ್' ಪುಸ್ತಕಕ್ಕೆ ಮೊದಲು ವಯಸ್ಸು ಹಾಕಿದ್ದು ಯಾರು ಗೊತ್ತಾ? ಹತ್ತು ವರ್ಷದ ಹುಡುಗ. ಟೋಲ್ಕಿನ್ ಹಸ್ತಪ್ರತಿಯನ್ನು ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ 1936ರಲ್ಲಿ ತಮ್ಮ ಮಗ ರೇನರ್ ಕೈಗೆ ಕೊಟ್ಟರು. ಓದಿ ವರದಿ ಬರೆದದ್ದಕ್ಕೆ ಹುಡುಗನಿಗೆ ಒಂದು ಶಿಲ್ಲಿಂಗ್ ಸಿಕ್ಕಿತು. ಪುಸ್ತಕ ಚೆನ್ನಾಗಿದೆ, 5ರಿಂದ 9 ವರ್ಷದ ಎಲ್ಲ ಮಕ್ಕಳಿಗೂ ಹಿಡಿಸುತ್ತದೆ ಅಂತ ಬರೆದ. ಹತ್ತರವನಿಗೆ ತನಗಿಂತ ಚಿಕ್ಕವರ ಪುಸ್ತಕ ಅನ್ನಿಸಿತು! ಮುಂದಿನ ವರ್ಷ ಪುಸ್ತಕ ಹೊರಬಂತು.

ನಮ್ಮ ಮನೆಯಲ್ಲಿ ಇದನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ, ಮಗನಿಗೆ ಆಗ ಎಂಟು. ಒಗಟಿನ ಅಧ್ಯಾಯದಲ್ಲಿ ಮಂಚದ ಮೇಲೆ ಎದ್ದು ನಿಂತ. ಕೊನೆಯ ಯುದ್ಧದಲ್ಲಿ ಆಪ್ತರು ಸಾಯುವ ಕಡೆ ಸುಮ್ಮನಾದ. ನಾನು ಪುಸ್ತಕ ಮುಚ್ಚಿ, "ಹೆದರಿಕೆ ಆಯ್ತಾ?" ಅಂದೆ. "ಹೆದರಿಕೆ ಅಲ್ಲ ಅಮ್ಮ, ಬೇಜಾರು. ಓದು ನೀನು" ಅಂದ. ಯಾವ ರೇಟಿಂಗಿನಲ್ಲೂ ಈ ಎರಡನ್ನು ಬೇರೆ ಮಾಡಿದ್ದು ನಾನು ಕಂಡಿರಲಿಲ್ಲ. ಅವನೇ ಮಾಡಿ ತೋರಿಸಿದ. ಅವತ್ತಿನಿಂದ ನಾನೂ ಬೇರೆ ಬೇರೆಯಾಗಿಯೇ ನೋಡುತ್ತೇನೆ. ಬೇಜಾರಿನ ಪುಸ್ತಕವನ್ನು ಜೊತೆಗೆ ಕೂತು ಓದಿದರೆ ಎರಡು ವರ್ಷ ಮೊದಲೇ ಕೊಡಬಹುದು. ಹೆದರಿಕೆಯದ್ದಕ್ಕೆ ಕಾಯುವುದೇ ಒಳ್ಳೆಯದು.

ಫ್ಯಾಂಟಸಿಯಲ್ಲಿ ಇನ್ನೊಂದು ತೊಡಕು ಸರಣಿ. ಹ್ಯಾರಿ ಪಾಟರ್ ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಏಳನೆಯದು 2007ರಲ್ಲಿ. ಹುಡುಗ ಹನ್ನೊಂದರಿಂದ ಹದಿನೇಳಕ್ಕೆ ಬೆಳೆಯುತ್ತಾನೆ. ಮೊದಲ ಓದುಗರು ಪುಸ್ತಕಕ್ಕಾಗಿ ಕಾದು ಕಾದು ಅವನ ಜೊತೆಗೇ ಬೆಳೆದರು. ಈಗಿನ ಮಗುವಿನ ಎದುರು ಏಳೂ ಒಟ್ಟಿಗೆ ಕೂತಿವೆ, ಬೇಸಿಗೆ ರಜೆಯಲ್ಲೇ ಮುಗಿಸಿಬಿಡಬಹುದು. ನಾಲ್ಕನೆಯ ಪುಸ್ತಕದ ಕೊನೆಯಿಂದ ಕತೆ ಬೇರೆಯೇ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಸರಣಿಗೆ ಒಂದು ವಯಸ್ಸು ಹಾಕುವುದು ತಪ್ಪು. ಮೊದಲ ಮೂರು 9, ನಾಲ್ಕರಿಂದ 11 ಅಂತ ನನ್ನ ಲೆಕ್ಕ. ನಡುವೆ ಬೇರೆ ಪುಸ್ತಕ ಕೊಟ್ಟು ಕಾಯಿಸಿದೆ. ಮಗ ಗಲಾಟೆ ಮಾಡಿದ, ನಿಜ.

ಫ್ಯಾಂಟಸಿಗೆ ನಾಲ್ಕನೆಯ ದಾರಿಯೇ ಗೆದ್ದಿತು. ಕೊನೆಯಿಂದ ಮೂರನೆಯ ಅಧ್ಯಾಯ ಓದದೆ ಕೊಡಬೇಡಿ.

ಕತೆಯಲ್ಲದ ಪುಸ್ತಕ

'ನಿಜದ ವಿಷಯ ತಾನೇ, ಓದಲಿ' ಅಂತ ನಾವು ಜಾಸ್ತಿ ಯೋಚಿಸದೆ ಕೊಡುವುದು ಇವನ್ನೇ. ನೋಡಬೇಕಾದದ್ದು ಇಲ್ಲಿಯೇ ಹೆಚ್ಚು. ವಯಸ್ಸಿಗಿಂತ ಮೊದಲು ಆವೃತ್ತಿ ಯಾವುದು ಅಂತ ನೋಡಿ.

ಆನ್ ಫ್ರಾಂಕ್ ತನ್ನ ಡೈರಿ ಬರೆಯಲು ಶುರು ಮಾಡಿದಾಗ ಅವಳಿಗೆ ಹದಿಮೂರು. 1947ರಲ್ಲಿ ಪುಸ್ತಕವಾಗಿ ಬಂದಾಗ ಅವಳ ತಂದೆ ಕೆಲವು ಭಾಗ ಬಿಟ್ಟಿದ್ದರು. ಅಮ್ಮನ ಮೇಲಿನ ಸಿಟ್ಟು, ತನ್ನ ಮೈ ಬೆಳೆಯುತ್ತಿರುವ ಬಗ್ಗೆ ಅವಳು ಬರೆದುಕೊಂಡದ್ದು, ಇಂಥವು. 1990ರ ದಶಕದ ಆವೃತ್ತಿಯಲ್ಲಿ ಅವು ಮರಳಿ ಸೇರಿದವು. ಅದೇ ಹುಡುಗಿ, ಅದೇ ಡೈರಿ, ಆದರೆ ಎರಡು ಪುಸ್ತಕ. ಮಗಳಿಗೆ ನಾನು ಪೂರ್ತಿ ಆವೃತ್ತಿಯನ್ನೇ ಕೊಟ್ಟೆ. ಅಮ್ಮನ ಮೇಲಿನ ಸಿಟ್ಟಿನ ಪುಟಗಳನ್ನು ಅವಳು ನನಗೆ ಓದಿ ತೋರಿಸಿದಳು. ನಾವಿಬ್ಬರೂ ಆ ಸಂಜೆ ಬಹಳ ಹೊತ್ತು ಮಾತಾಡಿದೆವು.

ಇಡೀ ವರ್ಷದಲ್ಲಿ ನನಗೆ ತುಂಬ ಹಿಡಿಸಿದ್ದು ವಿಲಿಯಂ ಕಂಕ್ವಾಂಬಾನ 'ದಿ ಬಾಯ್ ಹೂ ಹಾರ್ನೆಸ್ಡ್ ದಿ ವಿಂಡ್'. ಮಲಾವಿಯ ಹಳ್ಳಿ ಹುಡುಗ, ಬರಗಾಲದಿಂದ ಶಾಲೆ ಬಿಟ್ಟವನು. ಗ್ರಂಥಾಲಯದ ಒಂದು ಪುಸ್ತಕ ನೋಡಿ ಗುಜರಿ ಸಾಮಾನಿನಲ್ಲಿ ಗಾಳಿಯಂತ್ರ ಕಟ್ಟಿ ಮನೆಗೆ ಕರೆಂಟು ತಂದ. ಈ ಒಂದು ಬದುಕಿಗೆ ಮೂರು ಪುಸ್ತಕ ಇವೆ: 2009ರ ದೊಡ್ಡವರ ಪುಸ್ತಕ, 2012ರ ಚಿತ್ರಪುಸ್ತಕ, 2015ರ ಎಳೆಯರ ಆವೃತ್ತಿ. ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿದೆ. ಚಿತ್ರಪುಸ್ತಕದಲ್ಲಿ ಹಸಿವು ಕೆಲವೇ ಪುಟದಲ್ಲಿ ದಾಟಿಹೋಗುತ್ತದೆ. ದೊಡ್ಡ ಪುಸ್ತಕದಲ್ಲಿ ಬರಗಾಲ ದಿನದಿನಕ್ಕೂ ಹತ್ತಿರ ಬರುತ್ತದೆ. ಹುಡುಗನ ನಾಯಿ ಖಾಂಬಾ ಎಲುಬು ಕಾಣುವಷ್ಟು ಸೊರಗುತ್ತದೆ, ಉಳಿಯುವುದಿಲ್ಲ. ಮಗನನ್ನು ನೆನೆದು ಅಲ್ಲಿ ನಾನು ಪುಸ್ತಕ ಕೆಳಗಿಟ್ಟೆ. ಅವನಿಗೆ ಸದ್ಯ ಚಿತ್ರಪುಸ್ತಕವೇ ಸಾಕು ಅಂತ ತೀರ್ಮಾನಿಸಿದೆ. ಅದನ್ನು ಓದಿ ಅವನು ಹಳೆಯ ಫ್ಯಾನ್ ಬಿಚ್ಚಿ ಕೂತ.

ಚಿತ್ರಪುಸ್ತಕ 6, ಎಳೆಯರದ್ದು 10, ದೊಡ್ಡದು 14. ಮಲಾಲಾಳ ಆತ್ಮಕತೆಗೂ ಹೀಗೇ 2013ರದ್ದು ದೊಡ್ಡವರಿಗೆ, 2014ರದ್ದು ಎಳೆಯರಿಗೆ. ಕೊಳ್ಳುವಾಗ ಮುಖಪುಟ ಸರಿಯಾಗಿ ನೋಡಿ.

ಈಗ ನಾನು ಪ್ರತಿ ಪುಸ್ತಕದ ಒಳರಟ್ಟಿನಲ್ಲಿ ಪೆನ್ಸಿಲ್ಲಿನಿಂದ ಎರಡು ಸಂಖ್ಯೆ ಬರೆಯುತ್ತೇನೆ: ಜೊತೆಗೆ ಓದಲು ಎಷ್ಟು, ಒಬ್ಬರೇ ಓದಲು ಎಷ್ಟು. ಹೊರಗೆ ಅಚ್ಚಾದ ಸಂಖ್ಯೆಯ ಮೇಲೆ ಚಿಕ್ಕ ಬಿಳಿ ಕಾಗದ ಅಂಟಿಸುತ್ತೇನೆ. ದಿಂಬಿನ ಕೆಳಗೆ ಇನ್ನು ಯಾವ ಪುಸ್ತಕವೂ ಹೋಗಬಾರದು.

ಮೊನ್ನೆ ಹೋಮ್ಸ್ ಪುಸ್ತಕ ತೆರೆದೆ. ನಾನು ಬರೆದಿದ್ದ 'ಜೊತೆಗೆ 9, ಒಬ್ಬರೇ 11' ಅನ್ನುವುದರ ಕೆಳಗೆ ಮಗನ ಗುಂಡು ಅಕ್ಷರ ಇತ್ತು: 'ಹಗಲು ಓದಿದರೆ 9 ಸಾಕು'. ಅಳಿಸಲಿಲ್ಲ. ಅವನೀಗ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಕೇಳುತ್ತಿದ್ದಾನೆ. ಇವತ್ತು ರಾತ್ರಿ ಕೂತು ಅದರ ಕೊನೆಯಿಂದ ಮೂರನೆಯ ಅಧ್ಯಾಯ ಓದಬೇಕು.