ಹಳೇ ಸುಣ್ಣದಲ್ಲಿ ಬೋರ್ಡೋ ಕಲಸಬೇಡಿ, ನಮ್ಮ ಹೇರಳೆ ಮರ ಸುಟ್ಟುಹೋಯ್ತು

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಹಿತ್ತಲಲ್ಲಿ ಅಮ್ಮ ನೆಟ್ಟ ಹೇರಳೆ ಮರವಿದೆ. ವರ್ಷದ ಉಪ್ಪಿನಕಾಯಿ, ಚಿತ್ರಾನ್ನ ಎಲ್ಲ ಅದರದ್ದೇ. ಹೋದ ಮಳೆಗಾಲ ಅದರ ಬುಡದ ತೊಗಟೆ ಬಿರಿದು ಕಂದು ಅಂಟು ಸೋರತೊಡಗಿತು. ಅಡಿಕೆಗೆ ಕೊಳೆ ರೋಗ ತರುವ ಫೈಟಾಫ್ತೊರ ಎಂಬ ರೋಗಾಣುವಿನ ಜಾತಿಯದೇ ಇದಕ್ಕೂ ಕಾರಣ. ಹಾಗಾಗಿ ಕೊಳೆಗೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ದ್ರಾವಣ, ಇದಕ್ಕೂ ಆಗುತ್ತದೆ. ನಾನು ಎಡವಿದ್ದು ಸುಣ್ಣದಲ್ಲಿ.

ಮೈಲುತುತ್ತ ಹೊಸದು. ಸುಣ್ಣ ಮಾತ್ರ ಹಿಂದಿನ ವರ್ಷದ್ದು, ಕೊಟ್ಟಿಗೆಯಲ್ಲಿ ಬಾಯಿ ಬಿಚ್ಚಿದ ಚೀಲದಲ್ಲಿತ್ತು. 10 ಲೀಟರ್ ನೀರಿಗೆ ಎರಡೂ 100 ಗ್ರಾಂನಂತೆ ತೂಗಿಯೇ ಹಾಕಿದೆ. ಆದರೆ ಗಾಳಿಗೆ ಬಿದ್ದ ಸುಣ್ಣ ಸೀಮೆಸುಣ್ಣದ ಪುಡಿಯಂತಾಗುತ್ತದೆ. ಮೈಲುತುತ್ತದ ಹುಳಿ ಮುರಿಯುವ ಶಕ್ತಿ ಅದಕ್ಕಿರುವುದಿಲ್ಲ. ಉಳಿದ ತಾಮ್ರ ನೇರ ಎಲೆಯನ್ನೇ ಸುಡುತ್ತದೆ.

ನಾಲ್ಕನೇ ದಿನ ಚಿಗುರು ಕಪ್ಪಾಯಿತು. ವಾರದಲ್ಲಿ ಎಲೆ ಉದುರಿತು, ಮಿಡಿಗಳ ಮೇಲೆಲ್ಲ ಕಂದು ಕಲೆ. ರೋಗವೇ ಜಾಸ್ತಿಯಾಯಿತು ಎಂದುಕೊಂಡು ಕ್ಯಾನಿನಲ್ಲಿ ಉಳಿದಿದ್ದ ಅದೇ ದ್ರಾವಣವನ್ನು ಮತ್ತೆ ಹೊಡೆದೆ. ಬೋರ್ಡೋವನ್ನು ಕಲಸಿದ ದಿನವೇ ಮುಗಿಸಬೇಕು. ಅದು ಗೊತ್ತಿದ್ದೂ ಹೊಡೆದೆ ಎಂಬುದೇ ಈಗಲೂ ಸಂಕಟ.

ಒಂದು ಕಬ್ಬಿಣದ ಚಾಕು ಇದ್ದಿದ್ದರೆ ಸಾಕಿತ್ತು. ಉಜ್ಜಿ ತೊಳೆದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ತಾಮ್ರದ ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಅದ್ದಿದ ಚಾಕುವಿಗೆ ಲೇಪ ಕೂರದಂತಾಗುವ ತನಕ ಸುಣ್ಣದ ತಿಳಿ ಸೇರಿಸಬೇಕು. ಕಲಸುವುದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು, ಸುಣ್ಣವನ್ನು ಅದಕ್ಕಲ್ಲ.

ಇನ್ನೊಂದು ಮಾತು. ಅಂಟು ಸೋರಿದ್ದು ಬುಡದಲ್ಲಿ, ನಾನು ಹೊಡೆದದ್ದು ಎಲೆಗೆ. ಬುಡಕ್ಕೆ ದರಗು, ಗೊಬ್ಬರ ಏರಿಸಿ ತೊಗಟೆ ಸದಾ ಒದ್ದೆ ಇರುವ ಹಾಗೆ ಮಾಡಿದ್ದೂ ನಾನೇ. ಆಮೇಲೆ ಅದನ್ನೆಲ್ಲ ಎಳೆದು ಹಾಕಿ, ನೀರು ಹರಿದುಹೋಗಲು ಕಾಲುವೆ ತೋಡಿ, ಕೊಳೆತ ತೊಗಟೆ ಕೆತ್ತಿ ಬೋರ್ಡೋ ಮುಲಾಮು ಹಚ್ಚಿದೆ. ಒಂದು ಲೀಟರ್ ನೀರಿಗೆ ಮೈಲುತುತ್ತ, ಹೊಸ ಸುಣ್ಣ ತಲಾ 100 ಗ್ರಾಂ. ಅಂಟು ನಿಂತಿದೆ. ಆದರೆ ಚಿಗುರಿರುವುದು ಎರಡೇ ಕೊಂಬೆ, ಈ ವರ್ಷ ಕಾಯಿಲ್ಲ.

ಈ ಮಳೆಗೆ ಔಷಧಿ ಕಲಸುವವರು ದಯವಿಟ್ಟು ಅರಳಿಸದ ಗಟ್ಟಿ ಸುಣ್ಣವನ್ನೇ ತನ್ನಿ. ಒಂದು ತುಂಡಿಗೆ ದೂರದಿಂದ ನೀರು ಹಾಕಿ ನೋಡಿ. ಬಿಸಿಯಾಗಿ ಅರಳದೆ ಸುಮ್ನೆ ಕೂತರೆ ಆ ಚೀಲವನ್ನು ಹಿತ್ತಲಿಗೆ ಒಯ್ಯಬೇಡಿ.