ಹಿಂದಿನ ಸೀಟಿನ ಕೌದಿ: ಸೆಕೆಂಡ್ ಹ್ಯಾಂಡ್ ಕ್ಯಾಮ್ರಿ ಹೈಬ್ರಿಡ್ ಜೊತೆ ಎರಡು ವರ್ಷ

"ತಮ್ಮಾ, ಗಾಡಿ ಚಾಲೂ ಆಗ್ಯಾದೇನು?" ಎರಡು ವರ್ಷವಾದರೂ ಅವ್ವ ಈ ಪ್ರಶ್ನೆ ಬಿಟ್ಟಿಲ್ಲ. ಮೇ ತಿಂಗಳ ಮಧ್ಯಾಹ್ನ, ಗಾಣಗಾಪುರದಲ್ಲಿ ದರ್ಶನ ಮುಗಿಸಿ ಬಂದು ಕೂತಿರುತ್ತಾಳೆ. ಎಸಿ ತಣ್ಣಗೆ ಬೀಸುತ್ತಿರುತ್ತದೆ, ಎಂಜಿನ್ ಸದ್ದೇ ಇಲ್ಲ. ನಮ್ಮದು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟರ್, ಅದಕ್ಕೊಂದು ದೊಡ್ಡ ಬ್ಯಾಟರಿ ಇರುವ ಗಾಡಿ. ಎಸಿ ಕಂಪ್ರೆಸರ್ ಆ ಬ್ಯಾಟರಿಯ ಕರೆಂಟಿನಲ್ಲೇ ತಿರುಗುತ್ತದೆ, ಅದಕ್ಕೆ. ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಎದ್ದು ಸ್ವಲ್ಪ ಹೊತ್ತು ಓಡಿ ಮತ್ತೆ ಮಲಗುತ್ತದೆ. 43 ಡಿಗ್ರಿ ಬಿಸಿಲಲ್ಲಿ ಯಾರಿಗಾದರೂ ಕಾಯುತ್ತಾ ಕೂರುವವರಿಗೆ ಇದರ ಬೆಲೆ ಗೊತ್ತು. ನಾನು ದುಡ್ಡು ಕೊಟ್ಟಿದ್ದೇ ಇದಕ್ಕೆ ಅಂದರೂ ತಪ್ಪಿಲ್ಲ.

ಕೊಳ್ಳುವಾಗ ನನ್ನ ಮುಂದೆ ಎರಡು ಗಾಡಿ ಇದ್ದವು. ಒಂದು 2022ರ ಹೋಂಡಾ ಸಿಟಿ ಹೈಬ್ರಿಡ್, ಇನ್ನೊಂದು 2019ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್. ಮೈಲೇಜ್ ಲೆಕ್ಕದಲ್ಲಿ ಸಿಟಿಯೇ ಮುಂದೆ. ಕಂಪನಿ ಹೇಳುವುದು ಲೀಟರಿಗೆ 26.5, ಕ್ಯಾಮ್ರಿಗೆ 23.27. ಊರೊಳಗೆ ನಿಧಾನಕ್ಕೆ ಹೋಗುವಾಗ ಸಿಟಿಯ ಚಕ್ರ ತಿರುಗಿಸುವುದು ಮೋಟರೇ. ಎಂಜಿನ್ ಬರೀ ಕರೆಂಟ್ ಹುಟ್ಟಿಸುತ್ತದೆ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಯ ಗದ್ದಲಕ್ಕೆ ಹೇಳಿ ಮಾಡಿಸಿದ ಹಾಗೆ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ, ಅದೂ ಇನ್ನೂ ಬಾಕಿ ಇತ್ತು. ಮನಸ್ಸು ಅಲ್ಲೇ ನಿಂತಿತ್ತು, ಡಿಕ್ಕಿ ತೆಗೆದು ನೋಡುವ ತನಕ.

ಸಿಟಿಯ ಬ್ಯಾಟರಿ ಕೂತಿರುವುದು ಡಿಕ್ಕಿಯಲ್ಲಿ. ಸಾದಾ ಸಿಟಿಯಲ್ಲಿ 506 ಲೀಟರ್ ಇರುವ ಜಾಗ ಇದರಲ್ಲಿ 306ಕ್ಕೆ ಇಳಿದಿದೆ. ಅವ್ವನ ವೀಲ್‌ಚೇರ್ ಮಡಚಿ ಇಟ್ಟು ನೋಡಿದೆ. ಬಾಗಿಲು ಮುಚ್ಚಲಿಲ್ಲ. ಓರೆ ಮಾಡಿದರೂ ಇಲ್ಲ. 2019ರ ಕ್ಯಾಮ್ರಿಯಲ್ಲಿ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ, ಡಿಕ್ಕಿ ಪೂರ್ತಿ ಖಾಲಿ. ವೀಲ್‌ಚೇರ್ ಹೋಯಿತು, ಪಕ್ಕದಲ್ಲಿ ಜೋಳದ ಚೀಲವೂ ಹಿಡಿಯಿತು. ಸಿಟಿಗಿಂತ ನಾಲ್ಕು ಲಕ್ಷ ಜಾಸ್ತಿ, ವಾರಂಟಿ ಮುಗಿದಿದೆ. ಆದರೂ ಅದನ್ನೇ ತಂದೆ. ಹೈದರಾಬಾದಿನಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕು. ಅದರ ಸಹವಾಸ ಬೇಡ ಅಂತ ಬೆಂಗಳೂರಿನ ಗಾಡಿ ನೋಡಿದೆ.

ಮೊದಲ ಒಂದು ವರ್ಷ ಬರೀ ಖುಷಿ. ಆಮೇಲೆ ಒಂದು ಏಪ್ರಿಲ್‌ನಲ್ಲಿ ಹುಮ್ನಾಬಾದ್ ದಾಟಿ ಬೀದರ್ ಕಡೆ ಹೋಗುವಾಗ ಎದುರಿನ ಪರದೆಯಲ್ಲಿ ಸೂಚನೆ ಬಂತು: ಹೈಬ್ರಿಡ್ ಬ್ಯಾಟರಿಯ ಕೂಲಿಂಗ್ ಭಾಗಗಳನ್ನು ನೋಡಿಸಿ. ಹಿಂದೆ ಫ್ಯಾನ್ ಜೋರಾಗಿ ಕೂಗುತ್ತಿತ್ತು. ನನಗೆ ಕೈಕಾಲು ಆಡಲಿಲ್ಲ. ಮರುದಿನ ಒಂದು ಗ್ಯಾರೇಜಿಗೆ ಒಯ್ದೆ. ಗಾಡಿ ಒಳಗೆ ಇಣುಕಿ ಸಹ ನೋಡದೆ "ಬ್ಯಾಟರಿ ಹೋಗ್ಯಾದ ಸರ್, ಹೊಸದು ಹಾಕ್ಬೇಕು" ಅಂದರು. ಹೇಳಿದ ರೊಕ್ಕ ಕೇಳಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸಿಟಿಯನ್ನೇ ತರಬೇಕಿತ್ತು ಅಂತ ಮನೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ.

ಮೂರನೇ ದಿನ ಗಾಡಿ ಜೊತೆ ಬಂದ ಪುಸ್ತಕ ಹಿಡಿದು ಕೂತೆ. ಈ ಬ್ಯಾಟರಿ ತಂಪಾಗುವುದು ನಾವು ಕೂರುವ ಜಾಗದ ಗಾಳಿಯಿಂದಲೇ. ಹಿಂದಿನ ಸೀಟಿನ ಕೆಳಗೆ ಗಾಳಿ ಎಳೆದುಕೊಳ್ಳುವ ಜಾಲರಿ ಇದೆ, ಅದರೊಳಗೆ ಫಿಲ್ಟರ್. ಹೋಗಿ ನೋಡಿದರೆ ಜಾಲರಿ ಕಾಣಿಸಲೇ ಇಲ್ಲ. ಅವ್ವ ಸೀಟಿಗೆ ಹಾಸಿದ್ದ ಕೌದಿ ಕೆಳಗಿನವರೆಗೆ ಇಳಿಬಿದ್ದು ಅದನ್ನು ಮುಚ್ಚಿತ್ತು. ಕೌದಿ ಸರಿಸಿ ಫಿಲ್ಟರ್ ತೆಗೆದೆ. ಬೆಳ್ಳಗೆ ಧೂಳು, ಹಿಟ್ಟು ಮೆತ್ತಿದ ಹಾಗೆ. ನನ್ನದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ, ಶಹಾಬಾದ್ ಕಡೆ ದಿನಾ ಓಡಾಟ. ಬಟ್ಟೆ, ಚಪ್ಪಲಿ, ಕೂದಲು, ಎಲ್ಲದರ ಜೊತೆ ಕಲ್ಲಿನ ಪುಡಿ ಗಾಡಿ ಒಳಗೆ ಬರುತ್ತದೆ. ಫಿಲ್ಟರ್ ಸ್ವಚ್ಛ ಮಾಡಿ ಹಾಕಿದೆ. ಆಮೇಲೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ತಪಾಸಣೆ ಮಾಡಿಸಿದೆ. ಬ್ಯಾಟರಿ ಚೆನ್ನಾಗಿಯೇ ಇತ್ತು. ಆ ಸೂಚನೆ ಮತ್ತೆ ಬಂದಿಲ್ಲ.

ಈಗ ಭಾನುವಾರ ಬೆಳಗ್ಗೆ ಚಹಾ ಕುಡಿದ ಮೇಲೆ ಇದೇ ಕೆಲಸ. ಹಿಂದಿನ ಬಾಗಿಲು ಎರಡೂ ತೆಗೆದು, ಮೊಣಕಾಲೂರಿ, ಮೆತ್ತನೆ ಬ್ರಷ್‌ನಿಂದ ಜಾಲರಿ ಉಜ್ಜಿ, ಚಿಕ್ಕ ವ್ಯಾಕ್ಯೂಮ್ ಹಿಡಿಯುತ್ತೇನೆ. ತಿಂಗಳಿಗೊಮ್ಮೆ ಫಿಲ್ಟರ್ ಹೊರಗೆ ತೆಗೆಯುತ್ತೇನೆ. ಹತ್ತು ನಿಮಿಷವೂ ಬೇಡ. ನಿಜ ಹೇಳಬೇಕೆಂದರೆ ಈ ಕೆಲಸ ನನಗೆ ಇಷ್ಟ. ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಹತ್ತಿದರೆ ಮೊದಲು ಕಿಟಕಿ ಇಳಿಸಿ ಬಿಸಿಗಾಳಿ ಬಿಡುತ್ತೇನೆ, ಆಮೇಲೆ ಎಸಿ. ನಮಗೆ ತಂಪಾದರೆ ಬ್ಯಾಟರಿಗೂ ತಂಪು.

ಮೈಲೇಜ್ ನನಗೆ ಊರೊಳಗೆ 17, ಬೀದರ್ ದಾರಿಯಲ್ಲಿ 18. ಇಷ್ಟು ದೊಡ್ಡ ಪೆಟ್ರೋಲ್ ಗಾಡಿಗೆ ಸಾಕು. ತಳ ತಾಗದ ಹಾಗೆ ನಮ್ಮ ಓಣಿಯ ಹಂಪ್‌ಗಳನ್ನು ಓರೆಯಾಗಿ ಹತ್ತಿಸಬೇಕು, ಅಷ್ಟೇ.

ಮನೆಯಲ್ಲಿ ಇಬ್ಬರೇ ಇದ್ದು, ಸಾಮಾನು ಕಡಿಮೆ ಇದ್ದರೆ ಸಿಟಿ ತಗೊಳ್ಳಿ, ಸುಮ್ನೆ ನಾಲ್ಕು ಲಕ್ಷ ಜಾಸ್ತಿ ಯಾಕೆ? ಯಾವ ಹಳೇ ಹೈಬ್ರಿಡ್ ನೋಡಲು ಹೋದರೂ ಸರ್ವಿಸ್ ದಾಖಲೆ ಕೇಳಿ, ಬ್ಯಾಟರಿ ತಪಾಸಣೆ ಮಾಡಿಸಿ, ಬ್ಯಾಟರಿಗೆ ಗಾಳಿ ಹೋಗುವ ಜಾಗ ಯಾವುದು ಅಂತ ಕೇಳಿ ಟಾರ್ಚ್ ಹಾಕಿ ನೋಡಿ. ಮಾರುವವರು ತಾವಾಗಿ ಅದನ್ನು ತೋರಿಸುವುದಿಲ್ಲ. ನನಗೂ ತೋರಿಸಿರಲಿಲ್ಲ.

ಕೌದಿ ತೆಗೆದುಬಿಡೋಣ ಅಂದೆ. ಅವ್ವ ಒಪ್ಪಲಿಲ್ಲ, ಅವಳ ಹಳೇ ಇಳಕಲ್ ಸೀರೆಗಳಿಂದ ಹೊಲಿದ ಕೌದಿ ಅದು. ಕೆಳಗಿನಿಂದ ಒಂದು ಗೇಣು ಕತ್ತರಿಸಿ, ಹೊಸದಾಗಿ ಅಂಚು ಕಟ್ಟಿ ಕೊಟ್ಟಳು. ಈಗ ಅದು ಜಾಲರಿಗಿಂತ ಮೇಲಕ್ಕೇ ನಿಲ್ಲುತ್ತದೆ. ಕತ್ತರಿಸಿದ ತುಂಡಿನಲ್ಲಿ ನಾನು ಬ್ರಷ್ ಸುತ್ತಿಡುತ್ತೇನೆ.